ಉಪ್ಪು ನೋಡುವವಳು

ರಮಜಾನ್ ತಿಂಗಳಲ್ಲಿ ಶೌಕತನ ಮನೆಯ ಒಲೆ ಮಧ್ಯಾಹ್ನ ಹೊತ್ತುತ್ತಿದ್ದದ್ದು ಒಬ್ಬಳಿಗಾಗಿ. ಆ ಒಬ್ಬಳು ಅವನ ಹೆಂಡತಿ ಇಸ್ಮತ. ಸೊಸೆ ಆರಜೂ ಒಣಗಿದ ಬಾಯಲ್ಲೇ ಅತ್ತೆಗೆಂದು ಎರಡು ರೊಟ್ಟಿ ಬಡಿದು, ಪಲ್ಯ ಬಡಿಸಿ, ತಾಟಿನ ಪಕ್ಕ ಸಕ್ಕರೆ ಬೇನೆಯ ಮಾತ್ರೆ ಇಟ್ಟು, "ಉಣ್ರಿ ಅಮ್ಮಿ" ಅಂದು ಹೊರಗೆ ಹೋಗಿಬಿಡುತ್ತಿದ್ದಳು. ರೋಜಾದ ಉಪವಾಸ ಇದ್ದವರು ಉಣ್ಣುವವರ ಮುಂದೆ ನಿಂತರೆ ಉಣ್ಣುವವರಿಗೆ ಸಂಕೋಚ, ಹಾಗೆ ನಿಲ್ಲಬಾರದು ಎಂಬುದು ಅವಳು ತವರಿನಲ್ಲಿ ಕಲಿತು ಬಂದ ಮರ್ಯಾದೆ. ಹೋಗುವಾಗ ಬಾಗಿಲನ್ನೂ ಎಳೆದುಕೊಳ್ಳುತ್ತಿದ್ದಳು. ಆ ಬಾಗಿಲ ಹಿಂದೆ ಇಸ್ಮತ, ನಲವತ್ತು ವರ್ಷ ಅದೇ ಅಡಿಗೆಮನೆಯನ್ನು ಆಳಿದವಳು, ಕಳ್ಳಿಯ ಹಾಗೆ ಕೂತು ತುತ್ತು ನುಂಗಬೇಕಿತ್ತು.

ಇದೆಲ್ಲ ಹೋದ ವರ್ಷ ಶುರುವಾದದ್ದು. ಶೌಕತನದು ಬಳೆ ವ್ಯಾಪಾರ. ಮುಚ್ಚಂಡಿಯ ಮನೆಯಿಂದ ಬಳೆಯ ಮಲಾರ ಹೊತ್ತು ಗಂಡ ಹೆಂಡತಿ ಇಬ್ಬರೂ ಊರೂರು ಸಂತೆ ಮಾಡುತ್ತಿದ್ದರು. ಹಬ್ಬ ಹತ್ತಿರ ಬಂದಾಗ ವ್ಯಾಪಾರ ಜೋರು. ಬಾಲಗಾಂವದ ಸಂತೆಯಲ್ಲಿ ರೋಜಾ ಹಿಡಿದಿದ್ದ ಇಸ್ಮತ ಹೊಸ ಮದುಮಗಳೊಬ್ಬಳ ಕೈಗೆ ಹಸಿರು ಬಳೆ ಏರಿಸುತ್ತಿದ್ದಳು. ಬಳೆ ಒಡೆಯಿತು, ಹಿಂದೆಯೇ ಅವಳೂ ಉರುಳಿದಳು. ಶೌಕತ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಟೆಂಪೋಕ್ಕೆ ಓಡಿದ. ಜತ್ತದ ದವಾಖಾನೆಯಲ್ಲಿ ಡಾಕ್ಟರು, ಸಕ್ಕರೆ ಪೂರಾ ಇಳಿದಿತ್ತು, ಇವರಿಗೆ ಇನ್ನು ರೋಜಾ ಇಲ್ಲ ಅಂದರು. ಅವಳಿಗೆ ಹೇಳಲಿಲ್ಲ, ಶೌಕತನಿಗೆ ಹೇಳಿದರು. ಶೌಕತ ಮಗ ಮೊಸಿನನಿಗೆ ಹೇಳಿದ, ಮೊಸಿನ ಹೆಂಡತಿಗೆ ಹೇಳಿದ. ಅವಳ ಹೊಟ್ಟೆಯ ಮಾತು ಎಲ್ಲರ ಕೈ ದಾಟಿ ಕೊನೆಗೆ ಅವಳ ತಾಟಿಗೆ ಬಂತು. ಸಂತೆಗೆ ಹೋಗುವುದೂ ಅಲ್ಲಿಗೇ ನಿಂತಿತು.

ಹೋದ ವರ್ಷ ಉಳಿದ ರಮಜಾನನ್ನು ಅವಳು ಹೇಗೋ ಕಳೆದಳು. ಮೊಮ್ಮಗಳು ಮಿಸ್ಬಾ ಆಗ ಸಣ್ಣವಳು, ರೋಜಾ ಇರಲಿಲ್ಲ. ಮಧ್ಯಾಹ್ನ ಅಜ್ಜಿ ಮೊಮ್ಮಗಳು ಒಂದೇ ತಾಟಿನಲ್ಲಿ ಉಂಡರು. ಹುಡುಗಿ ಪಲ್ಯದೊಳಗಿನ ಬಟಾಟೆ ಹೋಳುಗಳನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತಿತ್ತು, ಇಸ್ಮತ ಕೈಗೆ ಮೆಲ್ಲಗೆ ಹೊಡೆಯುತ್ತಿದ್ದಳು. ಅದೂ ಒಂದು ಊಟವೇ.

ಈ ವರ್ಷ ಮಿಸ್ಬಾ ನಾಲ್ಕನೇ ಇಯತ್ತೆ. ಮೊದಲ ದಿನವೇ ಎದೆ ಸೆಟೆಸಿ ನಿಂತಳು.

"ದಾದಿ, ನಾನೂ ರೋಜಾ. ಪೂರಾ ತಿಂಗಳಾ ಹಿಡಿಯಾಕಿ."

"ನಿನಗ ಆಗೂದುಲ್ಲ ಬಿಡು. ಸಾಲಿಯೊಳಗ ಚಕ್ಕರ ಬಂದು ಬಿದ್ದಿ ಅಂದ್ರ?"

"ನಾ ಯಾಕ ಬೀಳ್ತೀನಿ? ಬೀಳಾಕಿ ನೀನು."

ಮನೆ ಮಂದಿ ಎಲ್ಲ ನಕ್ಕರು. ಇಸ್ಮತಳೂ ನಕ್ಕಳು. ನಗು ಮುಗಿದ ಮೇಲೆ ಅವಳಿಗೆ ತಿಳಿಯಿತು, ಇನ್ನು ಈ ಮನೆಯಲ್ಲಿ ಹಗಲು ಉಣ್ಣುವವಳು ತಾನೊಬ್ಬಳೇ.

ಒಂದು ಮಾತು ಮಾತ್ರ ಹೇಳಬೇಕು. ಯಾರೂ ಅವಳನ್ನು ಕಡೆಗಣಿಸಲಿಲ್ಲ. ಕಡೆಗಣಿಸಿದ್ದರೆ ಜಗಳ ತೆಗೆಯಬಹುದಿತ್ತು. ಎಲ್ಲರೂ ಅವಳ ಕಾಳಜಿ ಮಾಡುವವರೇ. ನಸುಕಿನ ಸಹರಿ ಊಟಕ್ಕೆ ಅವಳೂ ಎದ್ದು ಬಂದರೆ ಮೊಸಿನ "ನೀ ಯಾಕ ಎದ್ದೀಬೇ, ಮಕ್ಕೋ ಹೋಗು" ಅನ್ನುತ್ತಿದ್ದ. ಸಂಜೆ ಎಲ್ಲರೂ ಚಾಪೆಯ ಮೇಲೆ ಖರ್ಜೂರ ಹಿಡಿದು ಅಜಾನಿಗೆ ಕಾಯುವಾಗ ಅವಳು ಬದಿಯ ಮಂಚದ ಮೇಲೆ ಕೂತಿರುತ್ತಿದ್ದಳು. ಅವಳ ಕೈಗೂ ಒಂದು ಖರ್ಜೂರ ಕೊಡುತ್ತಿದ್ದರು, ಮನೆಗೆ ಬಂದ ಬೀಗರಿಗೆ ಕೊಟ್ಟ ಹಾಗೆ. ಅವಳು ಬಿಟ್ಟ ರೋಜಾಗಳ ಬದಲಿಗೆ ಬಡವರಿಗೆ ಕೊಡಬೇಕಾದ ಗೋಧಿಯನ್ನು ಶೌಕತ ಮೊದಲ ವಾರವೇ ಮಸೀದಿಗೆ ಹೊತ್ತು ಹಾಕಿ ಬಂದ.

"ನಿನ್ನ ಪಾಲಿಂದು ಎಲ್ಲಾ ಮುಗಿಸೇನಿ. ಇನ್ನ ನಿಶ್ಚಿಂತಿ ಇರು" ಅಂದ.

"ಮುಗಿಸಿದ್ರಿ ಹೌದಲ್ಲ" ಅಂದಳು ಇಸ್ಮತ. ಅವಳ ಇಡೀ ತಿಂಗಳು ಒಂದು ಚೀಲದೊಳಗೆ ಹೋಗಿಬಿಟ್ಟಿತ್ತು.

ಎರಡನೆಯ ವಾರ ಎದುರು ಮನೆಯ ಚಂದವ್ವ ಬುಟ್ಟಿ ತುಂಬ ಮೆಕ್ಕೆತೆನೆ ಹೊತ್ತು ಬಂದಳು. ಅವಳ ಮಗ ಎಮ್ಮೆ ಮೇವಿಗೆಂದು ಬೋರಿನ ನೀರಿನ ಮೇಲೆ ಮೆಕ್ಕೆಜೋಳ ಹಾಕಿದ್ದ. ಮೇವಿಗೆ ಕೊಯ್ಯುವ ಮೊದಲು ಎಳೆ ತೆನೆಗಳನ್ನು ಚಂದವ್ವ ಪ್ರತಿ ಸಲ ಇಸ್ಮತಳಿಗೆ ತಂದು ಸುರಿಯುತ್ತಿದ್ದಳು. ಸುರಿಯುವುದರಲ್ಲಿ ಅವಳ ಸ್ವಾರ್ಥವೂ ಇತ್ತು. ಇಸ್ಮತಳ ಮೆಕ್ಕೆ ವಡೆಯ ಒಂದು ತಾಟು ಸಂಜೆ ಅವಳ ಮನೆಗೂ ಹೋಗುತ್ತಿತ್ತು.

"ಉಗರ ಒತ್ತಿ ನೋಡವಾ, ಹಾಲ ಬರಾಕತ್ತಾವ. ಇನ್ನೆರಡ ದಿನಾ ಬಿಟ್ರ ಕಲ್ಲ ಆಗತಾವ" ಅಂದಳು ಚಂದವ್ವ.

ಇಸ್ಮತ ಒಂದು ಕಾಳಿಗೆ ಉಗುರು ಒತ್ತಿದಳು. ಬಿಳಿ ಹಾಲು ಚಿಮ್ಮಿತು. ಬಹಳ ದಿನಗಳ ಮೇಲೆ ಅವಳ ಮುಖ ಅರಳಿತು.

ಮೆಕ್ಕೆ ವಡೆಯಲ್ಲಿ ಆ ಓಣಿಗೇ ಅವಳು ಒಬ್ಬಳೇ. ಅರ್ಧ ತೆನೆ ತುರಿಯಬೇಕು, ಇನ್ನರ್ಧದ ಕಾಳು ಬಿಡಿಸಿ ದಪ್ಪಗೆ ಜಜ್ಜಬೇಕು. ಇಡೀ ಕಾಳು ಒಂದು ಉಳಿದರೂ ಎಣ್ಣೆಯಲ್ಲಿ ಪಟ್ಟನೆ ಸಿಡಿದು ಮುಖಕ್ಕೆ ಬರುತ್ತದೆ. ಹಸಿಮೆಣಸು, ಬಳ್ಳುಳ್ಳಿ, ಜೀರಿಗೆ ಅರೆದು ಹಾಕಿ, ಒಂದೆರಡು ಹಿಡಿ ಅಕ್ಕಿ ಹಿಟ್ಟು, ಅಷ್ಟೇ ಜೋಳದ ಹಿಟ್ಟು, ಕೊತ್ತಂಬರಿ. ನೀರು ಒಂದು ಹನಿಯೂ ಬೇಡ, ತೆನೆಯ ಹಾಲೇ ಸಾಕು. ಉಪ್ಪು ಮಾತ್ರ ಕಟ್ಟಕಡೆಗೆ, ಎಣ್ಣೆ ಕಾದ ಮೇಲೆ. ಮೊದಲೇ ಹಾಕಿದರೆ ಕಾಳು ನೀರು ಬಿಡುತ್ತದೆ, ಹಿಟ್ಟು ಸಡಿಲಾಗುತ್ತದೆ, ವಡೆ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಅರೆಬರೆ ಕರಿದು ತೆಗೆದು, ಸ್ವಲ್ಪ ಆರಲು ಬಿಟ್ಟು, ಮತ್ತೊಮ್ಮೆ ಕರಿದರೆ ಗರಿಗರಿ.

ರೋಜಾ ಇದ್ದಷ್ಟು ವರ್ಷ ಆ ಉಪ್ಪನ್ನು ಅವಳು ಬರೀ ಕೈಯಂದಾಜಿನಿಂದಲೇ ಹಾಕುತ್ತಿದ್ದಳು. ನಾಲಿಗೆ ತುದಿಗೆ ಹಚ್ಚಿ ಉಗುಳಿದರೆ ಪರವಾಗಿಲ್ಲ ಅನ್ನುವವರೂ ಇದ್ದಾರೆ. ಆದರೆ ಇಸ್ಮತಳ ಅತ್ತೆಯ ಕಾಲದಿಂದ ಈ ಮನೆಯಲ್ಲಿ ಅದು ನಡೆದಿರಲಿಲ್ಲ. ಈಗ ನಡೆಯುವ ಪ್ರಶ್ನೆಯೇ ಇರಲಿಲ್ಲ, ಮನೆಯಲ್ಲೇ ಒಂದು ನಾಲಿಗೆ ಖಾಲಿ ಕೂತಿತ್ತಲ್ಲ.

"ದಾದಿ, ಉಪ್ಪು ನೋಡು!" ಮಿಸ್ಬಾ ಬಟ್ಟಲು ಹಿಡಿದು ಓಡಿ ಬರುತ್ತಿದ್ದಳು. ಸಾರಾದರೂ ಅಷ್ಟೇ, ಖಿಚಡಿಯಾದರೂ ಅಷ್ಟೇ. ಆರಜೂ ಸೌಟು ಚಾಚುತ್ತಿದ್ದಳು, "ಅಮ್ಮಿ, ಒಂದ ಚೂರ ನೋಡ್ರಿ." ಇಸ್ಮತ ನೆಕ್ಕಿ "ಬರೋಬರಿ ಐತಿ" ಅನ್ನುತ್ತಿದ್ದಳು. ಎಲ್ಲರೂ ನೋಡುತ್ತಿರುವಾಗ ಬಾಯಿ ಆಡಿಸುವುದು ಅವಳಿಗೆ ಬಟ್ಟೆ ಬಿಚ್ಚಿದಷ್ಟು ನಾಚಿಕೆ.

ಆ ಸಂಜೆಯ ವಡೆಗಳನ್ನು ಎಲ್ಲರೂ ಹೊಗಳಿದರು. ಉಳಿದ ಎರಡನ್ನು ಮರುದಿನ ಆರಜೂ ಕಾಯಿಸಿ ಅತ್ತೆಯ ತಾಟಿಗೆ ಹಾಕಿ, ಬಾಗಿಲು ಎಳೆದು ಹೋದಳು. ಇಸ್ಮತ ಒಂದನ್ನು ಕಚ್ಚಿದಳು. ಕರ್ರ್ ಅಂದಿತು. ಅವಳು ಗಾಬರಿಯಾಗಿ ಬಾಯಿ ನಿಲ್ಲಿಸಿದಳು. ಹೊರಗೆ ಆರಜೂ ಬಟ್ಟೆ ಕುಕ್ಕುವುದು ನಿಂತ ಹಾಗಾಯಿತು. ನಿಜವಾಗಿ ನಿಂತಿತೋ ಇಲ್ಲವೋ, ಇವಳಿಗೆ ಹಾಗೆ ಕೇಳಿಸಿತು. ಹಸಿದ ಮನೆಯಲ್ಲಿ ವಡೆಯ ಸದ್ದು ಎಷ್ಟು ದೊಡ್ಡದು! ಅವಳು ಉಳಿದದ್ದನ್ನು ಮಜ್ಜಿಗೆಯಲ್ಲಿ ಮುಳುಗಿಸಿ, ನೆನೆದು ಮೆತ್ತಗಾಗುವ ತನಕ ಕಾದು, ಹಲ್ಲು ಹಚ್ಚದೆ ನುಂಗಿದಳು. ಗರಿಗರಿ ಮಾಡಲು ಅಷ್ಟೊಂದು ಕಷ್ಟಪಟ್ಟವಳೇ ಅದನ್ನು ಮುದ್ದೆ ಮಾಡಿ ತಿಂದಳು.

ಅದೇ ಮಧ್ಯಾಹ್ನ ಮಿಸ್ಬಾ ಶಾಲೆಯಿಂದ ಗೆಳತಿ ಸೃಷ್ಟಿಯ ಜೊತೆ ಬಂದು ಕಟ್ಟೆಯ ಮೇಲೆ ಕೂತಿತ್ತು.

"ನಮ್ಮ ಮನ್ಯಾಗ ಎಲ್ಲಾರೂ ರೋಜಾ ಇರ್ತೀವಿ" ಅಂದಿತು ಮಿಸ್ಬಾ.

"ನಿಮ್ಮ ಅಜ್ಜಿನೂ?"

"ಇಲ್ಲ. ದಾದಿ ಉಪ್ಪು ನೋಡ್ತಾಳ."

ಹುಡುಗಿ ಅದನ್ನು ಸುಮ್ಮನೆ ಹೇಳಿತು, ಅಪ್ಪ ವೆಲ್ಡಿಂಗ್ ಮಾಡುತ್ತಾನೆ, ಅಜ್ಜ ಬಳೆ ಮಾರುತ್ತಾನೆ ಅಂದಂತೆ. ಒಳಗೆ ಕೂತಿದ್ದ ಇಸ್ಮತಳಿಗೆ ಕಣ್ಣೀರು ಕಿತ್ತು ಬಂತು.

ಮರುದಿನದಿಂದ ಅವಳು ಕಳ್ಳ ರೋಜಾ ಶುರುಮಾಡಿದಳು. ಸಹರಿಯ ಹೊತ್ತಿಗೆ ಯಾರಿಗೂ ಕಾಣದಂತೆ ಒಂದು ರೊಟ್ಟಿ ತಿಂದು ನೀರು ಕುಡಿಯುವುದು. ಮಧ್ಯಾಹ್ನ ಆರಜೂ ಬಾಗಿಲು ಎಳೆದುಕೊಂಡ ಕೂಡಲೇ ರೊಟ್ಟಿ ಪಲ್ಯ ಎರಡನ್ನೂ ಹಿತ್ತಿಲ ಕಿಟಕಿಯಿಂದ, ಅಲ್ಲಿ ಮೇಯಲು ಬರುತ್ತಿದ್ದ ಚಂದವ್ವನ ಆಡಿಗೆ ಹಾಕುವುದು. ಮಾತ್ರೆಯನ್ನು ಹಳೆಯ ಬಳೆ ಡಬ್ಬಿಯೊಳಗೆ ಬಿಡುವುದು. ಆಮೇಲೆ ಖಾಲಿ ತಾಟಿನ ಮುಂದೆ, ಉಂಡು ಮುಗಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ಕೂತುಕೊಳ್ಳುವುದು. ದಿನ ಬಿಟ್ಟು ದಿನ ಮಾಡಿದಳು, ಅಷ್ಟು ಎಚ್ಚರ ಅವಳಿಗೂ ಇತ್ತು. ಇಳಿಹೊತ್ತಿನಲ್ಲಿ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಆದರೂ ಸಂಜೆ ಅಜಾನ್ ಕೂಗಿದಾಗ ಮಂಚದಿಂದ ಇಳಿದು ಚಾಪೆಯ ತುದಿಗೆ ಕೂತು ಖರ್ಜೂರ ಬಾಯಿಗೆ ಹಾಕಿಕೊಂಡರೆ, ಅದು ಬೀಗರ ಖರ್ಜೂರವಲ್ಲ, ಅವಳದೇ. ಯಾರಿಗೂ ಗೊತ್ತಿಲ್ಲದಿದ್ದರೂ ಅವಳು ಎಲ್ಲರ ಜೊತೆಗಿದ್ದಳು.

"ಅಮ್ಮಿ ಭಾಳ ಸೊರಗ್ಯಾಳ. ನೀ ಬರೋಬರಿ ಉಣ್ಣಾಕ ಹಾಕ್ತೀಯೋ ಇಲ್ಲೋ?" ಒಂದು ದಿನ ಮೊಸಿನ ಹೆಂಡತಿಯನ್ನು ಕೇಳಿದ. ಬಸ್‍ಸ್ಟ್ಯಾಂಡಿನ ಹತ್ತಿರ ಅವನ ವೆಲ್ಡಿಂಗ್ ಅಂಗಡಿ. ಹಗಲೆಲ್ಲ ಬೆಂಕಿಯ ಮುಂದೆ ಬಾಯಾರಿ ಬಂದವನಿಗೆ ಸಿಟ್ಟು ಮೂಗಿನ ತುದಿಯಲ್ಲೇ.

"ನಾ ರೋಜಾದಾಗ ಒಲಿ ಮುಂದ ಕುಂತು ರೊಟ್ಟಿ ಬಡೀತೀನ್ರಿ. ತಾಟ ತೊಳದಂಗ ಖಾಲಿ ಮಾಡ್ತಾರ. ಇನ್ನ ತುತ್ತ ಮಾಡಿ ಬಾಯಾಗ ಇಡ್ಲ್ಯಾ?"

"ಎದರ ಮಾತಾಡಬ್ಯಾಡ."

"ಕೇಳಿದ್ದಕ್ಕ ಹೇಳಿದೆ. ಎಲ್ಲಾ ನನ್ನ ಕೊಳ್ಳಿಗೇ ಬರತೈತಿ ಈ ಮನ್ಯಾಗ."

ಇಸ್ಮತ ಮಂಚದ ಮೇಲೆ ಮಲಗಿ ಎಲ್ಲ ಕೇಳಿಸಿಕೊಂಡಳು. ಸೊಸೆಗೆ ಅನ್ಯಾಯವಾಗುತ್ತಿದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು.

ಮೂರನೆಯ ವಾರ ಮಸೀದಿಯ ಇಫ್ತಾರಿನ ಪಾಳಿ ಶೌಕತನ ಮನೆಗೆ ಬಂತು. ಓಣಿಯ ಗಂಡಸರೆಲ್ಲ ಅಲ್ಲೇ ರೋಜಾ ಬಿಡುತ್ತಾರೆ. "ಈ ಸಲ ಮೆಕ್ಕಿ ವಡಿ ಆಗ್ಲಿ, ಎಲ್ಲಾರೂ ಕೇಳ್ಯಾರ" ಅಂದ ಶೌಕತ. ಚಂದವ್ವ ತಡವಾಗಿ ಬಿತ್ತಿದ್ದ ಪಟ್ಟಿಯಿಂದ ಎರಡು ಚೀಲ ಎಳೆ ತೆನೆ ಕೊಟ್ಟು, ತಾನೂ ಕೂತು ಸಿಪ್ಪೆ ಸುಲಿದು ಹೋದಳು. ಅಂದು ಇಸ್ಮತಳದು ರೋಜಾ ದಿನ. ಬಿಡಬಹುದಿತ್ತು. ಆದರೆ ಮಸೀದಿಗೆ ಹೋಗುವ ಅಡಿಗೆ, ಇಂಥ ದಿನವೇ ಉಂಡು ಮಾಡುವುದೇ ಎಂದು ಅವಳ ಮನಸ್ಸು ಒಪ್ಪಲಿಲ್ಲ.

ಹೊತ್ತು ಇಳಿಯುವಾಗ ಕರೆಂಟು ಹೋಯಿತು. ಮಿಕ್ಸರ್ ನಿಂತಿತು.

"ಕಲ್ಲಾಗ ಜಜ್ಜತೀನಿ ಬಿಡ್ರಿ" ಅಂದಳು ಆರಜೂ. ಒರಳಲ್ಲಿ ರಾಶಿ ಹಸಿಮೆಣಸು ಬಳ್ಳುಳ್ಳಿ ಸುರಿದುಕೊಂಡು ಕುಟ್ಟತೊಡಗಿದಳು. ಮೆಣಸು ಒರಳಲ್ಲಿ ಜಾರುತ್ತದೆ, ಬೇಗ ನುಣ್ಣಗಾಗುವುದಿಲ್ಲ. ಬೆಳುಂಕಿಯ ಅವಳ ತವರಿನಲ್ಲಿ ಅದಕ್ಕೆ ಎರಡು ಹಿಡಿ ಹರಳುಪ್ಪು ಹಾಕಿ ಕುಟ್ಟುವುದು ರೂಢಿ. ಕೈ ತಾನಾಗಿಯೇ ಉಪ್ಪಿನ ಗಡಿಗೆಗೆ ಹೋಯಿತು. ಹೇಳಬೇಕು ಅಂತ ಅವಳಿಗೆ ಅನ್ನಿಸಲಿಲ್ಲ, ಉಪ್ಪು ನೋಡುವವರು ಇದ್ದರಲ್ಲ. ಇಸ್ಮತ ಅಂಗಳದಲ್ಲಿ ತೆನೆ ತುರಿಯುತ್ತಿದ್ದಳು, ನೋಡಲಿಲ್ಲ.

ಎಣ್ಣೆ ಕಾಯಿತು. ಇಸ್ಮತ ತನ್ನ ರೂಢಿಯಂತೆ ಹಿಟ್ಟಿಗೆ ಉಪ್ಪು ಹಾಕಿ ಎರಡೂ ಕೈಯಿಂದ ಕಲಸಿದಳು. ಶೌಕತ ಅಂಗಳದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ.

"ದಾದಿ, ಉಪ್ಪು ನೋಡು" ಅಂದಿತು ಮಿಸ್ಬಾ.

ಇಸ್ಮತ ಒಂದು ಚೂರು ಹಿಟ್ಟು ಬೆರಳಿಗೆ ತೆಗೆದುಕೊಂಡು ಗೋಡೆಯ ಕಡೆ ತಿರುಗಿದಳು. ಬೆರಳು ತುಟಿಯ ತನಕ ಹೋಗಿ ಸೆರಗಿಗೆ ಇಳಿಯಿತು.

"ಬರೋಬರಿ ಐತಿ."

"ನೋಡಿದ್ರ್ಯಾ ಅಮ್ಮಿ?" ಆರಜೂ ಕೇಳಿದಳು.

"ನೋಡ್ದೆ ಅಂದೆನಲ್ಲ. ಲಗೂನ ಬಿಡು, ಎಣ್ಣಿ ಹೊಗಿ ಆಡಾಕತ್ತೈತಿ."

ವಡೆಗಳು ಬಂಗಾರದ ಬಣ್ಣಕ್ಕೆ ಬಂದವು. ಎರಡು ಸಲ ಕರಿದು ಬುಟ್ಟಿಗೆ ಹಾಕಿದಾಗ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಮೊಸಿನ ಬುಟ್ಟಿ ಹೊತ್ತು ಅಪ್ಪನ ಜೊತೆ ಮಸೀದಿಗೆ ಹೋದ. ಮನೆಗೆಂದು ಉಳಿಸಿದ್ದನ್ನು ಇಟ್ಟುಕೊಂಡು ಮೂವರು ಹೆಂಗಸರು ಅಜಾನಿಗೆ ಕಾದರು.

ಖರ್ಜೂರದ ಹಿಂದೆಯೇ ಮಿಸ್ಬಾ ವಡೆ ಕಚ್ಚಿತು, ಥೂ ಅಂದಿತು. ಆರಜೂ ಕಚ್ಚಿ ಅತ್ತೆಯ ಮುಖ ನೋಡಿದಳು. ಇಸ್ಮತ ಕಚ್ಚಿದಳು. ಬಾಯಿ ತುಂಬ ಉಪ್ಪು. ಹಗಲೆಲ್ಲ ನೀರಿಲ್ಲದೆ ಒಣಗಿದ ನಾಲಿಗೆಯ ಮೇಲೆ ಅದು ಬೆಂಕಿಯ ಹಾಗೆ ಉರಿಯಿತು. ಮಸೀದಿಯಲ್ಲಿ ಅದೇ ಹೊತ್ತಿಗೆ ಎಲ್ಲರೂ ಕಚ್ಚುತ್ತಿರುತ್ತಾರೆ ಎಂದು ನೆನೆದು ಅವಳು ಕಚ್ಚಿದ ವಡೆಯನ್ನು ತಾಟಿಗೆ ಇಟ್ಟುಬಿಟ್ಟಳು.

ಗಂಡಸರು ನಮಾಜು ಮುಗಿಸಿ ಬಂದರು. ಬುಟ್ಟಿ ಅರ್ಧಕ್ಕರ್ಧ ತುಂಬಿಯೇ ಇತ್ತು.

"ಮೌಲಾನಾ ಒಂದ ವಡಿ ತಿಂದು ಎರಡ ತಂಬಗಿ ನೀರ ಕುಡದ್ರು" ಅಂದ ಶೌಕತ. "ಯಾರೂ ಏನೂ ಅನ್ಲಿಲ್ಲ. ಅಂದಿದ್ರ ಚಲೋ ಇತ್ತು. ಎಲ್ಲಾರೂ ಮಾರಿ ಕೆಳಗ ಹಾಕ್ಕೊಂಡು ಸುಮ್ಮ ನುಂಗಿದ್ರು."

ಮೊಸಿನ ಹೆಂಡತಿಯ ಮೇಲೆ ಹರಿಹಾಯ್ದ. "ಉಪ್ಪಿನ ಗಡಿಗಿನೇ ಬೋರಲ ಹಾಕಿದ್ಯೇನ? ಲಕ್ಷ್ಯ ಎಲ್ಲಿ ಇರತೈತಿ ನಿಂದು?"

"ಕಲ್ಲಾಗ ಜಜ್ಜೂ ಮುಂದ ನಾ ಒಂದೀಟ ಹಾಕಿದ್ನಿರಿ" ಅಂದಳು ಆರಜೂ. "ಅಮ್ಮಿನೂ ಹಾಕ್ಯಾರ. ಆದ್ರ ಅವರು ನೋಡ್ಯಾರಿ. ಬರೋಬರಿ ಐತಿ ಅಂದಾರ. ಕೇಳ್ರಿ ಬೇಕಾದ್ರ."

ಎಲ್ಲರೂ ಇಸ್ಮತಳ ಕಡೆ ತಿರುಗಿದರು.

"ನೀ ನೋಡಿದ್ಯಾ?" ಶೌಕತ ಕೇಳಿದ.

ಅವಳು ಸೆರಗಿಗೆ ಅಂಟಿ ಒಣಗಿದ್ದ ಹಿಟ್ಟನ್ನು ಉಗುರಿನಿಂದ ಕೆರೆಯತೊಡಗಿದಳು.

"ಸಕ್ಕರಿ ಬ್ಯಾನಿ ನಾಲಿಗಿಗೂ ಬಂತೇನ ಅಬ್ಬಾ?" ಅಂದ ಮೊಸಿನ ಅಪ್ಪನಿಗೆ, ಈಗ ಮೆತ್ತಗೆ. "ರುಚಿನೇ ಗೊತ್ತಾಗೂದಿಲ್ಲಂದ್ರ ಇನ್ನ ಮ್ಯಾಲ ಅಮ್ಮಿಗಿ ಒಲಿ ಕಡಿ ಬಿಡೂದು ಬ್ಯಾಡ. ಕುಂತು ಉಣ್ಲಿ, ಸಾಕು."

ಅಷ್ಟು ಕಾಳಜಿಯಿಂದ ಅವನು ಅದನ್ನು ಹೇಳಿದ. ನಾಲಿಗೆ ಸತ್ತಿದೆ ಅಂದರೆ ಒಲೆ ಹೋಗುತ್ತದೆ. ರೋಜಾ ಇದ್ದೆ ಅಂದರೆ ರೋಜಾ ಹೋಗುತ್ತದೆ. ಏನೂ ಅನ್ನದಿದ್ದರೆ ಆರಜೂಳ ತಲೆಗೆ ಬರುತ್ತದೆ. ಸೊಸೆ ಮೂಲೆಗೆ ನಿಂತು ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಇಸ್ಮತಳಿಗೆ ಅದನ್ನು ನೋಡಲಾಗಲಿಲ್ಲ.

"ಆಕಿಗಿ ಅನಬ್ಯಾಡ್ರಿ. ನನ್ನ ನಾಲಿಗಿ ಚಲೋ ಐತಿ. ನಾ ಉಪ್ಪು ನೋಡಿಲ್ಲ" ಅಂದಳು. "ನಂದೂ ರೋಜಾ ಇತ್ತು."

ಮಿಸ್ಬಾ ಕಣ್ಣರಳಿಸಿ, "ದಾದಿ, ಎಷ್ಟ ಹಿಡಿದಿ? ನನಗಿಂತ ಹೆಚ್ಚ ಆದವೇನ?" ಅಂದಿತು. ಯಾರೂ ನಗಲಿಲ್ಲ.

ಶೌಕತ ಟೋಪಿ ತೆಗೆದು ಗೂಟಕ್ಕೆ ಹಾಕಿದ. ಆಮೇಲೆ ಅವನ ದನಿ ಓಣಿಯ ತುದಿಗೆ ಕೇಳುವಷ್ಟು ಏರಿತು.

"ಬಾಲಗಾಂವದ ಸಂತ್ಯಾಗ ನಿನ್ನ ಹೆಗಲ ಮ್ಯಾಲ ಹೊತ್ತು ಓಡಿದಾಂವ ನಾ. ಕಾಲಾಗಿನ ಚಪ್ಪಲಿ ಎಲ್ಲಿ ಬಿಟ್ಟೆ ಅನ್ನೂದ ಗೊತ್ತಿದ್ದಿಲ್ಲ ನನಗ. ಮತ್ತ ಹೊರಬೇಕೇನ? ಈ ಸಲ ಎಲ್ಲಿಗಿ ಹೊತ್ತೊಯ್ಯಲಿ, ಖಬರಸ್ತಾನಕ್ಕ?"

"ಹೊತ್ತು ತಂದ್ರಿ, ಹೌದು. ತಂದು ಬಾಗಲಾ ಹಿಂದ ಕುಂದ್ರಿಸಿದ್ರಿ" ಅಂದಳು ಇಸ್ಮತ. ಇಷ್ಟು ದಿನ ಒಳಗಿದ್ದದ್ದು ತಡೆಯಿಲ್ಲದೆ ಬಂತು. "ಸಂತಿ ಬಿಡಿಸಿದ್ರಿ, ಬಿಟ್ಟೆ. ರೋಜಾ ಬಿಡಿಸಿದ್ರಿ, ಬಿಟ್ಟೆ. ಮನಿ ಮಂದಿ ಎಲ್ಲಾ ಒಂದ ಕಡಿ, ನಾ ಒಬ್ಬಾಕಿ ಒಂದ ಕಡಿ. ನಾ ಉಂಡ್ನೋ ಇಲ್ಲೋ ಅಂತ ಎಲ್ಲಾರೂ ಕೇಳ್ತೀರಿ. ಯಾರ ಜೋಡಿ ಉಂಡಿ ಅಂತ ಯಾರಾದ್ರೂ ಕೇಳಿದಿರೇನ?"

ಶೌಕತ ಮಿಸ್ಬಾಳನ್ನು ಎಳೆದು ಮುಂದೆ ನಿಲ್ಲಿಸಿದ. "ಇದರ ತಲಿ ಮ್ಯಾಲ ಕೈ ಇಡು. ಇನ್ನ ಹಿಡಿಯೂದಿಲ್ಲಂತ ಹೇಳು." ಇಸ್ಮತ ಮೊಮ್ಮಗಳ ತಲೆಯ ಮೇಲೆ ಕೈ ಇಟ್ಟಳು. ಇನ್ನು ಹಿಡಿಯುವುದಿಲ್ಲ ಅಂದಳು. ಕೂದಲ ಕೆಳಗೆ ನೆತ್ತಿ ಬೆಚ್ಚಗಿತ್ತು.

ಮರುದಿನ ಮಧ್ಯಾಹ್ನ ಆರಜೂ ತಾಟು ಇಟ್ಟಳು, ಮಾತ್ರೆ ಇಟ್ಟಳು, ಬಾಗಿಲಿಗೆ ಹೋದಳು. ಆದರೆ ಬಾಗಿಲನ್ನು ಒಳಗಿನಿಂದ ಹಾಕಿಕೊಂಡು, ಇನ್ನೊಂದು ತಾಟು ತಂದು ಅತ್ತೆಯ ಎದುರು ಕೂತಳು. ಪೊಲೀಸರ ಹಾಗೆ ಕಾಯಲು ಕೂತಳೆಂದು ಇಸ್ಮತಳಿಗೆ ಸಿಟ್ಟು ಬಂತು.

"ತಿಂತೀನವಾ, ಹೋಗು. ಮಾತ ಕೊಟ್ಟೇನಿ."

"ನನಗೂ ಹಸಿವಿ ಆಗೇತ್ರಿ" ಅಂದಳು ಆರಜೂ, ತಲೆ ತಗ್ಗಿಸಿ. "ನಂದೂ ರೋಜಾ ಇಲ್ಲ. ಮುಟ್ಟ ಆಗೇನಿ. ನಿನ್ನಿನೂ ಇದ್ದಿಲ್ಲ."

ಇಸ್ಮತಳಿಗೆ ಅದು ಒಳಗೆ ಇಳಿಯಲು ಹೊತ್ತು ಹಿಡಿಯಿತು. "ನಿನ್ನಿನೂ ಇದ್ದಿಲ್ಲ? ಮತ್ತ ನೀನ ಉಪ್ಪು ನೋಡಬೇಕಿಲ್ಲ?"

"ಮಾಮಾ ಅಂಗಳದಾಗ ಕುಂತಿದ್ರು. ಮಿಸ್ಬಾ ಬಾಜೂಕ ನಿಂತಿತ್ತು. ಅವರ ಮುಂದ ಹ್ಯಾಂಗ ಬಾಯಾಗ ಹಾಕ್ಲಿರಿ? ಯಾಕ ರೋಜಾ ಇಲ್ಲಂತ ಆ ಹುಡುಗಿ ಕೇಳಿದ್ರ ಏನ ಹೇಳ್ಲಿ?"

"ಹಂಗಾರ ಈ ದಿನಾ ಎಲ್ಲಾ ಏನ ತಿಂತಿದ್ದಿ?"

"ಬಚ್ಚಲದಾಗ ನಿಂತು ಬಿಸ್ಕೀಟ್. ನೀರ ಬಿಟ್ಟಿರ್ತೀನಿ, ಸಪ್ಪಳ ಕೇಳಬಾರ್ದಂತ."

ಇಸ್ಮತ ಸೊಸೆಯನ್ನು ನೋಡಿದಳು. ಮದುವೆಯಾಗಿ ಬಂದು ಹತ್ತು ರಮಜಾನ್ ಆಗಿದ್ದವು. ಹತ್ತು ರಮಜಾನ್ ಈ ಹುಡುಗಿ ಮುಟ್ಟಿನ ದಿನಗಳಲ್ಲಿ ಬಚ್ಚಲಲ್ಲಿ ನಿಂತು ಉಂಡಿತ್ತು. ತಾನೂ ಹರೆಯದಲ್ಲಿ ಕಾಳಿನ ಕೋಣೆಯಲ್ಲಿ ಕತ್ತಲಲ್ಲಿ ನಿಂತು ಒಣ ರೊಟ್ಟಿ ಮುರಿದದ್ದು ನೆನಪಾಯಿತು. ಉಣ್ಣಬೇಕಾದವಳು ರೋಜಾ ಹಿಡಿದಿದ್ದಳು, ಉಣ್ಣಬಹುದಾದವಳು ರೋಜಾದ ಮುಖ ಹೊತ್ತಿದ್ದಳು. ಇಬ್ಬರ ನಡುವೆ ನಿನ್ನೆ ಇಡೀ ಮಸೀದಿ ನೀರು ಕುಡಿದಿತ್ತು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಉಪ್ಪು ವಡೆಗಳು ಬುಟ್ಟಿಯಲ್ಲಿ ಉಳಿದೇ ಇದ್ದವು. ಆರಜೂ ಉಪ್ಪಿಲ್ಲದ ಅಂಬಲಿ ಕಾಸಿದಳು. ಅದಕ್ಕೆ ವಡೆ ಮುರಿದು ಹಾಕಿ ಇಬ್ಬರೂ ಉಂಡರು. ಚೆನ್ನಾಗಿಯೇ ಇತ್ತು. ಮರುದಿನವೂ ಉಂಡರು. ಅದರ ಮರುದಿನ ಆರಜೂ ತವರಿನ ಮಾತು ತೆಗೆದಳು, ಇಸ್ಮತ ಸಂತೆಯ ಮಾತು ತೆಗೆದಳು. ಗಟ್ಟಿ ಕೈಗೆ ಸಣ್ಣ ಬಳೆ ಏರಿಸುವುದು ಹೇಗೆಂದು ಸೊಸೆಯ ಕೈ ಹಿಚುಕಿ ತೋರಿಸಿದಳು. ಅಂಬಲಿ ಆರಿ ಹೋಯಿತು.

ಆಮೇಲೆ ಒಂದು ಬೆಳಿಗ್ಗೆ ಆರಜೂ ತಲೆಯ ಮೇಲೆ ನೀರು ಹಾಕಿಕೊಂಡು ಕೂದಲು ಒಣಗಿಸುತ್ತ ಅಂಗಳದಲ್ಲಿ ನಿಂತಿದ್ದಳು. ಇಸ್ಮತ ನೋಡಿದ ಕೂಡಲೇ ತಿಳಿದುಕೊಂಡಳು. ಸೊಸೆ ಶುದ್ಧಳಾಗಿದ್ದಕ್ಕೆ ಅತ್ತೆಗೆ ದುಃಖವಾಗುವುದೆಂದರೆ ಯಾರಿಗೆ ಹೇಳುವುದು!

ಮಧ್ಯಾಹ್ನ ಆರಜೂ ಒಂದೇ ತಾಟು ತಂದಳು. ಚಂದವ್ವನ ಹೊಲದ ಕೊನೆಯ ತೆನೆಗಳಿಂದ ಹಿಂದಿನ ಸಂಜೆ ವಡೆ ಮಾಡಿದ್ದರು. ಅದರಲ್ಲಿ ಎರಡನ್ನು ಮತ್ತೆ ಕರಿದು ರೊಟ್ಟಿಯ ಪಕ್ಕ ಇಟ್ಟಿದ್ದಳು. ಮಜ್ಜಿಗೆಯ ಬಟ್ಟಲೂ ಇತ್ತು.

"ಅಮ್ಮಿ, ಇವತ್ತಿಂದ ನಾ..."

"ಗೊತ್ತೈತಿ. ಹೋಗು ನೀ."

"ಮುಂದಿನ ರಮಜಾನದಾಗ ಮತ್ತ ಕೂಡಿ ಉಣ್ಣೂಣ್ರಿ" ಅಂದಳು ಆರಜೂ. ಹೇಳಿದ ಮೇಲೆ ಅವಳಿಗೇ ಅದು ಎಷ್ಟು ದೂರ ಅನ್ನಿಸಿರಬೇಕು. ಬಾಗಿಲ ಹತ್ತಿರ ಹೋಗಿ, ಎಳೆದುಕೊಳ್ಳಬೇಕೋ ಬೇಡವೋ ತಿಳಿಯದೆ ನಿಂತಳು.

"ತಗದಿರ್ಲಿ" ಅಂದಳು ಇಸ್ಮತ.

ಆರಜೂ ತೆರೆದೇ ಬಿಟ್ಟಳು. ದೂರ ಹೋಗಲಿಲ್ಲ. ಗೋಡೆಯ ಆಚೆ ಮೆಟ್ಟಿಲ ಮೇಲೆ, ಉಣ್ಣುವವಳ ಕಣ್ಣಿಗೆ ಕಾಣದಂತೆ ಕೂತು ಅಕ್ಕಿ ಆರಿಸತೊಡಗಿದಳು. ಮೊರದಲ್ಲಿ ಅಕ್ಕಿ ಹಾರುವ ಸದ್ದು ಒಳಗೆ ಬರುತ್ತಿತ್ತು. ಇಸ್ಮತ ರೊಟ್ಟಿ ಉಂಡಳು, ಮಾತ್ರೆ ನುಂಗಿದಳು. ವಡೆ ಎತ್ತಿಕೊಂಡು ರೂಢಿಯ ಮೇಲೆ ಮಜ್ಜಿಗೆಯ ಬಟ್ಟಲಿನ ಕಡೆ ಕೈ ಚಾಚಿದಳು.

"ಅಮ್ಮಿ" ಆರಜೂ ಆಚೆಯಿಂದ ಕೇಳಿದಳು, "ಗರಿಗರಿ ಆಗ್ಯಾವೇನ್ರಿ?"

ಇಸ್ಮತ ಬಟ್ಟಲನ್ನು ದೂರ ಸರಿಸಿದಳು. ವಡೆಯನ್ನು ಹಲ್ಲಿಗಿಟ್ಟು, ಆಚೆಗೆ ಕೇಳಬೇಕೆಂದೇ ಜೋರಾಗಿ ಕಚ್ಚಿದಳು.

ಮೊರ ನಿಂತಿತು.

"ಕೇಳಿಸ್ತ್ರಿ" ಅಂದಳು ಆರಜೂ.

ಮೊರ ಮತ್ತೆ ಶುರುವಾಯಿತು. ಎರಡನೆಯ ವಡೆಯನ್ನು ಇಸ್ಮತ ಬಹಳ ತಡಮಾಡಿ ತಿಂದಳು. ಅದು ಮುಗಿದರೆ ಆರಜೂ ತಾಟು ಒಯ್ಯಲು ಏಳುತ್ತಾಳೆ.